ಪಟ್ಟಿಯ ತನಕ ಹಿಟ್ಟು

ಮೆಲಾನಿಯಾ ಇಪ್ಪತ್ತೆರಡು ವರ್ಷ ಔಷಧಿ ಅಂಗಡಿಯಲ್ಲಿ ಪುಡಿ ತೂಗಿ ಪೊಟ್ಟಣ ಕಟ್ಟಿದವಳು. ಒಮ್ಮೆಯೂ ಗುಲಗಂಜಿಯಷ್ಟು ಹೆಚ್ಚುಕಡಿಮೆ ಆದದ್ದಿಲ್ಲ. ಅಂಥವಳ ಕೈಗೆ ಆ ಪವಿತ್ರ ಗುರುವಾರ ಬೆಳಿಗ್ಗೆ ಕಣಕ ಮಣಿಯುತ್ತಿರಲಿಲ್ಲ.

ಪಾಸ್ಕಾ ಈಸ್ಟರಿನ ರೊಟ್ಟಿ. ಆ ಮನೆಯಲ್ಲಿ ನಲವತ್ತು ವರ್ಷ ಅದನ್ನು ನಾದಿದವಳು ಅತ್ತೆ ಯಾವ್ದೋಖಾ. ಮೆಲಾನಿಯಾಳದ್ದು ಜರಡಿ ಹಿಡಿಯುವ ಕೆಲಸ ಅಷ್ಟೇ. ಈಗ ಅತ್ತೆ ಪಿತ್ತಕೋಶದ ನೋವಿಗೆ ಹಾಸಿಗೆ ಹಿಡಿದಿದ್ದಳು. ತಡ ಮಾಡಿದರೆ ಉಳಿಯುವುದಿಲ್ಲ, ಆಪರೇಷನ್ ಆಗಲೇಬೇಕು ಎಂದು ವಿನ್ನಿತ್ಸಾ ಪಟ್ಟಣದ ಡಾಕ್ಟರು ಹೇಳಿ ಹದಿನೈದು ದಿನವಾಗಿತ್ತು. ಮುದುಕಿ ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ. ಕಡೆಗೆ ಬುಧವಾರ ಬಾಯಿ ಬಿಟ್ಟಿದ್ದಳು:

"ಪಾಸ್ಕಾ ಉಬ್ಬಿ ಎದ್ದರೆ ಆಸ್ಪತ್ರೆಗೆ ಹೋಗ್ತೀನಿ. ಕುಸಿದರೆ ನನ್ನನ್ನ ಇಲ್ಲೇ ಬಿಟ್ಟುಬಿಡಿ. ಪಾಸ್ಕಾ ಕುಸಿದ ಮನೇಲಿ ಹೆಣ ಏಳತ್ತೆ ಅಂತ ನಮ್ಮಮ್ಮ ಹೇಳ್ತಿದ್ದಳು."

"ಅದೇನಮ್ಮಾ, ರೊಟ್ಟಿ ಡಾಕ್ಟರಾ?" ಎಂದು ಮಗ ಓಸ್ತಾಪ್ ರೇಗಿದ.

"ನಿನ್ನ ಡಾಕ್ಟರಿಗಿಂತ ಹಳೇದು ಕಣೋ. ನಾಳೆ ಬೆಳಿಗ್ಗೆ ನೀನು ತೋಟಕ್ಕೆ ತೊಲಗು. ಒಲೆ ಹತ್ರ ಗಂಡಸಿನ ಕೆಮ್ಮೂ ಕೇಳಬಾರದು."

ಅದೇ ಆ ಮನೆಯ ಕಟ್ಟಳೆ. ಪಾಸ್ಕಾ ನಾದಲು ಕೂತ ಮೇಲೆ ಅದು ಒಲೆಯಿಂದ ಹೊರಬರುವ ತನಕ ಮಾತಿಲ್ಲ, ಬಾಗಿಲು ಬಡಿಯುವಂತಿಲ್ಲ.

ಅತ್ತೆಯ ಪುಸ್ತಕದಲ್ಲಿ ಬರೆದದ್ದು ಇಷ್ಟೇ: ಹಿಟ್ಟು ಹದಿನಾರು ಲೋಟ, ಹಾಲು ಮೂರು ಲೋಟ, ಮೊಟ್ಟೆ ಎಂಟು. ಅವಳು ಅಳೆಯುತ್ತಿದ್ದ, ಮೈಗೆ ಉದ್ದುದ್ದ ಪಟ್ಟೆ ಕೊರೆದ ಪಟ್ಟೆಗಾಜಿನ ಲೋಟ ಚಳಿಗಾಲದಲ್ಲಿ ಒಡೆದಿತ್ತು. ಒಡೆದರೆ ಒಡೆಯಲಿ, ತಕ್ಕಡಿ ಇದೆಯಲ್ಲ ಎಂದುಕೊಂಡಳು ಮೆಲಾನಿಯಾ. ಪತ್ರಿಕೆಯೊಂದರಲ್ಲಿ ತುಂಬಿದ ಲೋಟಕ್ಕೆ ಎಷ್ಟು ಗ್ರಾಂ ಎಂಬ ಕೋಷ್ಟಕ ಇತ್ತು. ಹಿಟ್ಟು ನೂರರವತ್ತು. ಹದಿನಾರು ಲೋಟಕ್ಕೆ ಎರಡೂವರೆ ಕಿಲೋದ ಮೇಲೆ ಅರವತ್ತು ಗ್ರಾಂ. ಮುಳ್ಳು ನೋಡಿ ನೋಡಿ ತೂಗಿದಳು.

ಈಗ ಕಣಕ ಕಲ್ಲಾಗಿತ್ತು. ಮುಷ್ಟಿಯಿಂದ ಒತ್ತಿದರೆ ಮುಷ್ಟಿಯೇ ನೋಯುತ್ತಿತ್ತು. ಪ್ರತಿ ವರ್ಷ ಅತ್ತೆಯ ಕೈಯಡಿಯಲ್ಲಿ ಮಗುವಿನ ಕೆನ್ನೆಯಂತೆ ಮೆತ್ತಗೆ ಹೊರಳುತ್ತಿದ್ದದ್ದು ಅವಳ ಕಣ್ಣಿಗೆ ಕಟ್ಟಿತು. ಅಂದಾಜಿಗೆ ಹಾಲು ಸುರಿದು ಅದೂ ತಪ್ಪಿದರೆ? ಕೇಳೋಣವೆಂದರೆ ಮಾತಾಡಬಾರದು. ಮಾತಾಡದಿದ್ದರೆ ಇದು ಏಳುವುದಿಲ್ಲ. ಗೋಡೆಯಾಚೆ ಅತ್ತೆ ನರಳಿದ ಸದ್ದು ಕೇಳಿಸಿತು.

ಮೆಲಾನಿಯಾ ಮೂಲೆಯ ದೇವರ ಪಟದತ್ತ ನೋಡಿದಳು. ಹಿಟ್ಟಿನ ಕೈಯಲ್ಲೇ ಶಿಲುಬೆಯ ಗುರುತು ಮಾಡಿಕೊಂಡಳು. 'ಕಟ್ಟಳೆ ಮುರಿದ ಪಾಪ ನನಗಿರಲಿ ತಂದೆ, ಅತ್ತೆಗೆ ಬೇಡ.' ನೀರು ಕುಡಿಯುವ, ಅದೇ ಅಳತೆಯ ಪಟ್ಟೆಗಾಜಿನ ಲೋಟವೊಂದನ್ನು ಹಿಡಿದು ಒಳಗೆ ಹೋಗಿ ಅತ್ತೆಯ ಕಿವಿಗೆ ಬಾಗಿದಳು.

"ಅಮ್ಮಾ, ಹಿಟ್ಟು ಎಲ್ಲಿ ತನಕ ತುಂಬ್ತಿದ್ರಿ?"

ಯಾವ್ದೋಖಾಳ ಕಣ್ಣು ಅಗಲವಾಯಿತು. ಬೈಯುತ್ತಾಳೆಂದುಕೊಂಡಳು ಮೆಲಾನಿಯಾ. ಮುದುಕಿ ತುಟಿ ಬಿಚ್ಚಲಿಲ್ಲ. ಒಣಗಿದ ಬೆರಳನ್ನು ಲೋಟದ ಮೇಲೆ ಜಾರಿಸಿ, ಪಟ್ಟೆಗಳು ಮುಗಿದು ಅಂಚಿನ ನುಣುಪು ಪಟ್ಟಿ ಶುರುವಾಗುವ ಕಡೆ ನಿಲ್ಲಿಸಿದಳು.

"ಹಾಲು?"

ಬೆರಳು ಬಾಯಂಚಿಗೆ ಏರಿತು.

ಹಾಲಿಗೆ ತುಂಬಿದ ಲೋಟ, ಹಿಟ್ಟಿಗೆ ಪಟ್ಟಿಯ ತನಕ! ಮೆಲಾನಿಯಾ ಓಡಿ ಬಂದು ಆ ಗೆರೆಯ ತನಕ ಹಿಟ್ಟು ತುಂಬಿ ತೂಗಿದಳು. ನೂರಮೂವತ್ತು. ಲೋಟಕ್ಕೆ ಮೂವತ್ತು ಹೆಚ್ಚಾದರೆ ಹದಿನಾರಕ್ಕೆ ನಾನೂರ ಎಂಬತ್ತು. ಬೇಕಾದ್ದಕ್ಕಿಂತ ಹತ್ತಿರ ಹತ್ತಿರ ಕಾಲು ಪಾಲು ಜಾಸ್ತಿ. ಬಿದ್ದ ಹಿಟ್ಟನ್ನು ತೆಗೆಯಲಾಗದು, ಉಳಿದದ್ದನ್ನು ಏರಿಸಬಹುದು. ಮುಕ್ಕಾಲು ಲೋಟ ಹಾಲು, ಎರಡು ಮೊಟ್ಟೆ. ಬೆಣ್ಣೆ, ಸಕ್ಕರೆ, ಈಸ್ಟು ಎಲ್ಲಕ್ಕೂ ಕಾಲು ಕಾಲು ಸೇರಿಸಿದಳು. ರಟ್ಟೆ ಬೀಳುವಷ್ಟು ನಾದಿದಳು. ಕಣಕ ನಿಧಾನವಾಗಿ ಮಣಿಯಿತು.

ಸಂಜೆ ಒಲೆಯ ಬಾಯಿ ತೆರೆದಾಗ ಪಾಸ್ಕಾ ಎತ್ತರಕ್ಕೆ ಎದ್ದು ನಿಂತಿತ್ತು. ಒಂದು ಮಗ್ಗುಲಲ್ಲಿ ಮಾತ್ರ ಬೆರಳುದ್ದದ ಬಿರುಕು. ತಿರುಗಿಸಿ ಹಿಡಿದರೆ ಕಾಣದು. ಮೆಲಾನಿಯಾ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳು. ಆಮೇಲೆ ಬಿರುಕನ್ನೇ ಮುಂದೆ ಮಾಡಿ ಅತ್ತೆಯ ಮುಂದಿಟ್ಟಳು.

ಮುದುಕಿ ಬಿರುಕಿನ ಮೇಲೆ ಬೆರಳಾಡಿಸಿದಳು.

"ನೀನು ಬಾಯಿ ಬಿಟ್ಟೆ, ಅದೂ ಬಾಯಿ ಬಿಟ್ಟಿದೆ," ಎಂದಳು. "ಕುಸಿದಿಲ್ಲವಲ್ಲ. ಹಬ್ಬ ಕಳೀಲಿ, ಮಂಗಳವಾರಕ್ಕೆ ನನ್ನ ಬಟ್ಟೆ ಚೀಲ ತುಂಬು ಮಗಳೇ. ಉಣ್ಣೆ ಕಾಲುಚೀಲ ಮರೀಬೇಡ."