ಕಲ್ಲಮ್ಮನ ಕೆಂಪು ಇಂಜೆಕ್ಷನ್

ಆಲ್ದೂರಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಷಡಕ್ಷರಿಯ ಹೆಂಡತಿ ಕಲ್ಲಮ್ಮನಿಗೆ ಇಂಜೆಕ್ಷನ್ ಎಂದರೆ ಪ್ರಾಣ. ನೆಗಡಿಯಾದರೆ ಇಂಜೆಕ್ಷನ್, ಸೊಂಟ ಹಿಡಿದರೆ ಇಂಜೆಕ್ಷನ್, ನಾದಿನಿ ಬಂದು ನಾಲ್ಕು ದಿನ ಇದ್ದು ಹೋದರೆ ಆ ಆಯಾಸಕ್ಕೂ ಒಂದು ಇಂಜೆಕ್ಷನ್. ಬರೀ ಮಾತ್ರೆ ಬರೆದುಕೊಡುವವರನ್ನು ಆಕೆ ಡಾಕ್ಟರೆಂದೇ ಒಪ್ಪುತ್ತಿರಲಿಲ್ಲ. “ಚುಚ್ಚಕ್ಕೆ ಬರದಿದ್ರೆ ಮತ್ತೆಂತ ಓದಿದಾರೆ ಅವ್ರು?” ಎನ್ನುತ್ತಿದ್ದಳು.

ಹಾಗಾಗಿ ಆಕೆಯ ನಂಬಿಕೆಯೆಲ್ಲ ಓಂಕಾರಮೂರ್ತಿಯ ಮೇಲೆ. ಯಾವುದೋ ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿ ಕಾಂಪೌಂಡರಾಗಿದ್ದವನು ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಿಡಿದು ಡಾಕ್ಟರಾಗಿದ್ದ. ಅವನ ಬಳಿ ಶಕ್ತಿಗೆಂದು ಒಂದು ಕೆಂಪು ಇಂಜೆಕ್ಷನ್ ಇತ್ತು. ಗಾಜಿನ ಸಿರಿಂಜಿನಲ್ಲಿ ಅದು ದಾಸವಾಳದ ಹಾಗೆ ಹೊಳೆಯುವುದನ್ನು ನೋಡಿದರೇ ಕಲ್ಲಮ್ಮನಿಗೆ ಅರ್ಧ ಶಕ್ತಿ ಬಂದುಬಿಡುತ್ತಿತ್ತು. ಸ್ಟೀಲ್ ತಟ್ಟೆಯಲ್ಲಿ ಇದ್ದದ್ದು ಎರಡೇ ಸೂಜಿ. ಒಬ್ಬರಿಗೆ ಚುಚ್ಚಿ, ಬಿಸಿನೀರಿನಲ್ಲಿ ಅದ್ದಿ, ಇನ್ನೊಬ್ಬರಿಗೆ ಚುಚ್ಚುವುದು. ಅದನ್ನು ಯಾರೂ ತಪ್ಪೆಂದು ಎಣಿಸಿರಲಿಲ್ಲ.

೨೦೦೨ರಲ್ಲಿ ಮಹಿಳಾ ಸಂಘದವರು ಶಾಲೆಯಲ್ಲಿ ಏಡ್ಸ್ ಬಗ್ಗೆ ಸಭೆ ಇಟ್ಟರು. ಸಂಘದ ಅಧ್ಯಕ್ಷೆಯಾದ್ದರಿಂದ ಕಲ್ಲಮ್ಮ ಮುಂದಿನ ಬೆಂಚಿನಲ್ಲೇ ಕೂತಳು. ಅದೇನಿದ್ದರೂ ಲಾರಿಯವರ, ಊರೂರು ಅಲೆಯುವವರ ಕಾಯಿಲೆ, ತನಗೇನು ಎಂಬ ಧೈರ್ಯ. ಆರೋಗ್ಯ ಕೇಂದ್ರದ ನರ್ಸ್ ನಾಗಶ್ರೀ ಗಂಡು ಹೆಣ್ಣಿನ ವಿಷಯ ಹೇಳುವಾಗ ಕಲ್ಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಾಯಿಯಿಂದ ಮಗುವಿಗೆ ಬರುವ ವಿಷಯಕ್ಕೆ ಗಂಭೀರವಾಗಿ ತಲೆಯಾಡಿಸಿದಳು.

“ಒಬ್ಬರಿಗೆ ಚುಚ್ಚಿದ ಸೂಜೀನ ಸರಿಯಾಗಿ ಶುದ್ಧ ಮಾಡ್ದೆ ಇನ್ನೊಬ್ರಿಗೆ ಚುಚ್ಚಿದ್ರೂ ಬರಬಹುದು” ಎಂದಳು ನಾಗಶ್ರೀ.

ಆಡುತ್ತಿದ್ದ ತಲೆ ನಿಂತಿತು. “ಬಿಸಿನೀರಲ್ಲಿ ಹಾಕ್ತಾರಲ್ಲ ಸಿಸ್ಟರ್?”

“ಎಷ್ಟು ಹೊತ್ತು ಕುದಿಸ್ತಾರಮ್ಮ?”

“ಕುದ್ಸದೆಂತ, ಅದ್ದಿ ತೆಗಿಯದು. ಕಾಫೀಲಿ ಬಿಸ್ಕತ್ತು ಅದ್ದಿದ ಹಾಗೆ.”

ನಾಗಶ್ರೀಯ ಮುಖ ಬದಲಾದದ್ದನ್ನು ನೋಡಿದ ಮೇಲೆ ಕಲ್ಲಮ್ಮ ಸಭೆಯ ಉಪ್ಪಿಟ್ಟನ್ನೂ ತಿನ್ನದೆ ಮನೆಗೆ ಹೊರಟಳು.

ಅವತ್ತಿನಿಂದ ಆಕೆ ತನ್ನ ತಟ್ಟೆ, ಲೋಟ ಬೇರೆ ಮಾಡಿಕೊಂಡಳು. ಚಾಪೆ ಸುತ್ತಿಕೊಂಡು ಅಂಗಡಿಯ ಗೋದಾಮಿಗೆ ಹೋಗಿ ಅಕ್ಕಿ ಮೂಟೆಗಳ ನಡುವೆ ಮಲಗತೊಡಗಿದಳು. ಯಾವುದೋ ವ್ರತವಿರಬೇಕೆಂದು ಷಡಕ್ಷರಿ ಸುಮ್ಮನಿದ್ದ. ನಾಲ್ಕನೇ ದಿನ ಆಕೆ ಬೀರುವಿನ ಸೀರೆಗಳನ್ನೆಲ್ಲ ಹರಡಿಕೊಂಡು, ಯಾವುದು ಯಾರಿಗೆ ಎಂದು ಚೀಟಿ ಸಿಕ್ಕಿಸುತ್ತ ಕೂತಿದ್ದನ್ನು ಕಂಡಾಗ ಗಾಬರಿಯಾದ.

“ಎಂತದೇ ಇದು?”

“ನಂಗೆ ಏಡ್ಸ್ ಬಂದಿರಬೌದು ಕಣ್ರೀ” ಎಂದು ಕಲ್ಲಮ್ಮ ಅತ್ತಳು.

ಷಡಕ್ಷರಿ ಬಾಗಿಲು ಹಿಡಿದುಕೊಂಡ. “ಯಾರಿಂದ?”

“ಓಂಕಾರಮೂರ್ತಿಯಿಂದ.”

“ಎಷ್ಟು ದಿನದಿಂದ ನಡೀತಿದೆ?”

“ಹನ್ನೊಂದು ವರ್ಷ ಆಯ್ತು. ತಿಂಗಳಿಗೆ ಎರಡು ಸಲ. ಮಳೆಗಾಲದಲ್ಲಿ ಮೂರು.”

“ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳದೆಂತ? ನೀವೇ ಅಲ್ವ ಸ್ಕೂಟರಲ್ಲಿ ಕರ್ಕೊಂಡ್ ಹೋಗ್ತಿದ್ದಿದ್ದು! ಹೊರಗೆ ಕೂತು ಪೇಪರ್ ಓದ್ತಿದ್ರಿ. ಹೋದ ವರ್ಷ ನಂದು ಮುಗಿದ ಮೇಲೆ ನೀವೂ ಒಳಗೆ ಬಂದು...”

“ಶಿವ ಶಿವಾ!”

“...ಸೊಂಟಕ್ಕೆ ಒಂದು ಸೂಜಿ ಹಾಕಿಸ್ಕಂಡ್ರಿ!”

ಸೂಜಿ ಎಂಬ ಮಾತು ಕೇಳಿದ್ದೇ ಷಡಕ್ಷರಿ ಸೀರೆಗಳ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ, ಆ ಸೂಜಿ ತನಗೂ ಬಿದ್ದಿದೆಯಲ್ಲ ಎಂಬುದು ಹೊಳೆದು ನಗು ನಿಂತಿತು.

ಮರುದಿನ ಬೆಳಗಿನ ಬಸ್ಸಿಗೇ ಇಬ್ಬರೂ ಚಿಕ್ಕಮಗಳೂರಿನ ದೊಡ್ಡಾಸ್ಪತ್ರೆಗೆ ಹೋದರು. ರಕ್ತ ತೆಗೆಯುವ ಹೊತ್ತಿಗೆ ಕಲ್ಲಮ್ಮ ಜೀವನದಲ್ಲಿ ಮೊದಲ ಸಲ ಸೂಜಿಗೆ ಹೆದರಿದಳು. ಹೊಸ ಸೂಜಿಯ ಪೊಟ್ಟಣವನ್ನು ತನ್ನ ಕಣ್ಣೆದುರೇ ಹರಿಯಬೇಕೆಂದು ಹಟ ಹಿಡಿದಳು. ವರದಿಗೆ ಕಾಯುವಷ್ಟು ಹೊತ್ತೂ ಷಡಕ್ಷರಿ ಆಕೆಯ ಕೈ ಹಿಡಿದುಕೊಂಡಿದ್ದ. ಮದುವೆಯ ದಿನ ಬಿಟ್ಟರೆ ಜನರ ಮುಂದೆ ಹಾಗೆ ಹಿಡಿದದ್ದು ಅವತ್ತೇ.

ಇಬ್ಬರಿಗೂ ಸೋಂಕಿರಲಿಲ್ಲ. ಕಲ್ಲಮ್ಮ ಕೊನೆಯ ಇಂಜೆಕ್ಷನ್ ತೆಗೆದುಕೊಂಡು ಇನ್ನೂ ಮೂರು ತಿಂಗಳಾಗದ ಕಾರಣ ಆಕೆ ಮತ್ತೊಮ್ಮೆ ಬರಬೇಕು ಎಂದರು ಅಲ್ಲಿನ ಸಮಾಲೋಚಕ ಪ್ರಸನ್ನಕುಮಾರ್. ಗೋದಾಮಿನ ಕಥೆ ಕೇಳಿ ಅವರು ನಗಲಿಲ್ಲ. “ಸೋಂಕು ಇದ್ದಿದ್ರೂ ತಟ್ಟೆ ಬೇರೆ ಮಾಡೋದು ಬೇಕಿರ್ಲಿಲ್ಲಮ್ಮ. ಜೊತೇಲಿ ಉಂಡ್ರೆ, ಒಂದೇ ಲೋಟದಲ್ಲಿ ಕುಡಿದ್ರೆ ಬರಲ್ಲ. ಬೇರೆ ಯಾರಿಗಾದ್ರೂ ಇದೆ ಅಂತ ಗೊತ್ತಾದ್ರೂ ಅಷ್ಟೇ, ದೂರ ಇಡಬೇಡಿ.”

ಕಲ್ಲಮ್ಮ ತಲೆ ತಗ್ಗಿಸಿದಳು. ಸಭೆಯ ಮರುದಿನ ಅಂಗಡಿಗೆ ಮಾಲು ತಂದ ಲಾರಿ ಡ್ರೈವರ್ ನೀರು ಕೇಳಿದಾಗ ಕೊಡದೆ ಕಳಿಸಿದ್ದಳು. ಮುಂದಿನ ಸಲ ಅವನು ಬಂದಾಗ ಒಳಗೆ ಕರೆದು ಕೂರಿಸಿ, ಮನೆಯ ಲೋಟದಲ್ಲೇ ಎರಡು ಸಲ ಕಾಫಿ ಕೊಟ್ಟಳು. ಅವನಿಗೆ ಕಾರಣವೇ ತಿಳಿಯಲಿಲ್ಲ.

ಓಂಕಾರಮೂರ್ತಿಯ ಕೋಣೆಯ ಮುಂದೆ ಮಾತ್ರ ಆಕೆ ಸುಮ್ಮನಿರಲಿಲ್ಲ. ಮೂರು ದಿನ ಅಲ್ಲೇ ಬೆಂಚಿನ ಮೇಲೆ ಕೂತು, ಬಂದವರಿಗೆಲ್ಲ ಬಿಸ್ಕತ್ತಿನ ಉಪಮೆ ಸಹಿತ ವಿಷಯ ತಿಳಿಸಿ ಆರೋಗ್ಯ ಕೇಂದ್ರದ ದಾರಿ ತೋರಿಸಿದಳು. ತಿಂಗಳೊಳಗೆ ಅವನು ಬಾಗಿಲು ಮುಚ್ಚಿ ಕಾಳುಮೆಣಸಿನ ವ್ಯಾಪಾರಕ್ಕೆ ಇಳಿದ. ಅದರಲ್ಲಿ ಅವನಿಗೆ ನಿಜವಾಗಿಯೂ ಕೈಗುಣವಿತ್ತು.

ಮೂರು ತಿಂಗಳ ನಂತರದ ಪರೀಕ್ಷೆಯಲ್ಲೂ ಕಲ್ಲಮ್ಮ ಪಾಸಾದಳು. ಆ ಖುಷಿಗೆ ಷಡಕ್ಷರಿ ಕ್ಷೌರಕ್ಕೆ ಹೊರಟರೆ ಈಕೆಯೂ ಹಿಂದೆಯೇ ಹೊರಟಳು. ಗಂಡಸರ ಸಲೂನಿಗೆ ಹೆಂಗಸೊಬ್ಬಳು ನುಗ್ಗಿದ್ದು ಆಲ್ದೂರಿನಲ್ಲಿ ಅದೇ ಮೊದಲು. ನೊರೆ ಹಚ್ಚಿಕೊಂಡಿದ್ದವರು ನೊರೆ ಸಮೇತ ಎದ್ದು ನಿಂತರು.

“ಬ್ಲೇಡು ಹೊಸದಾ ಲಕ್ಕಯ್ಯ?”

“ಹಳೇದ್ರಲ್ಲಿ ಇನ್ನೂ ನಾಲ್ಕು ಗಡ್ಡ ಆಗುತ್ತೆ ಕಲ್ಲಮ್ಮನೋರೇ.”

“ಅದ್ರಿಂದ ಬರದು ಕಡಿಮೆ ಅಂತಾರೆ ಸಿಸ್ಟರ್. ಆದ್ರೂ ಹೊಸದು ಹಾಕು ಮಾರಾಯ, ನಾನು ನೋಡ್ತೀನಿ.”

ಲಕ್ಕಯ್ಯ ಹೊಸ ಬ್ಲೇಡಿನ ಕಾಗದ ಬಿಚ್ಚಿದ. ಪಕ್ಕದ ಕುರ್ಚಿಯಲ್ಲಿದ್ದ ಬೆಳ್ಳಿಯಪ್ಪ, “ಹಂಗಾದ್ರೆ ನಂಗೂ ಒಂದು ಹೊಸದು ಹಾಕೋ” ಎಂದು ಗಲ್ಲ ಒಡ್ಡಿದ. ಷಡಕ್ಷರಿ ಕನ್ನಡಿಯಲ್ಲಿ ಹೆಂಡತಿಯನ್ನು ನೋಡುತ್ತ, ಅಲುಗಾಡದೆ ಕೂತ.