ಮೊದಲು ಕುರ್ಚಿ ಹತ್ತಿದವರು ಆಯಮ್ಮ

ಕಳೆದ ವಾರ ಮಗಳನ್ನು ಆರು ತಿಂಗಳಿಗೊಮ್ಮೆ ಮಾಡಿಸುವ ತಪಾಸಣೆಗೆಂದು ಸಹಕಾರನಗರದ ಹಲ್ಲಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ಬಾಗಿಲು ತೆರೆದ ಕೂಡಲೇ ಲವಂಗದೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಮಗಳು ಮೀನಿನ ತೊಟ್ಟಿಯ ಕಡೆ ಓಡಿದಳು. ನನಗೆ ನಮ್ಮ ಶಾಲೆಯ ಆಯಮ್ಮ ನೆನಪಾದರು...

ಆಗ ನಾನು ಯಲಹಂಕದಲ್ಲಿ ಎರಡನೇ ಕ್ಲಾಸು. ಆಯಮ್ಮ ದಿನಾ ಚಿಕ್ಕಜಾಲದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಗಂಟೆ ಹೊಡೆಯುವುದು, ನಮ್ಮ ಶೂ ಲೇಸು ಕಟ್ಟುವುದು ಅವರ ಕೆಲಸ. ಯಾರೂ ಹೇಳದೆ ತಾವೇ ಹಚ್ಚಿಕೊಂಡದ್ದು ಇನ್ನೊಂದಿತ್ತು. ಊಟವಾದ ಮೇಲೆ ನಲ್ಲಿಯ ಹತ್ತಿರ ನಿಂತು, ಬಾಯಿ ಮುಕ್ಕಳಿಸದೆ ಒಬ್ಬರನ್ನೂ ಒಳಗೆ ಬಿಡುತ್ತಿರಲಿಲ್ಲ.

"ಎಲ್ಲಿ, ಅಲ್ಲು ತೋರ್ಸು" ಎನ್ನುತ್ತಿದ್ದರು. ನಾವೂ "ಅಲ್ಲು, ಅಲ್ಲು" ಎಂದು ಅಣಕಿಸಿ ನಗುತ್ತಿದ್ದೆವು. ನಕ್ಕಾಗ ಹಲ್ಲು ಕಾಣುತ್ತಿತ್ತಲ್ಲ, ಅವರಿಗೆ ಅಷ್ಟೇ ಸಾಕಿತ್ತು.

ಒಂದು ದಿನ ಹಾಗೆ ನಗುವಾಗಲೇ ಸಿಕ್ಕಿಬಿದ್ದೆ. ಕೆಳದವಡೆಯ ಹಲ್ಲೊಂದು ಕಪ್ಪಾಗಿ, ವಾರದಿಂದ ಒಂದೇ ಕಡೆ ಅಗಿಯುತ್ತಿದ್ದೆ. ಮನೆಯಲ್ಲಿ ಅಮ್ಮ, "ಹಾಲುಹಲ್ಲು ತಾನೇ, ಬಿದ್ದೋಗತ್ತೆ ಬಿಡು" ಎಂದಿದ್ದಳು. ಡಾಕ್ಟರೆಂದರೆ ನಡುಗುತ್ತಿದ್ದ ನನಗೂ ಅದೇ ಬೇಕಿತ್ತು. ಆಯಮ್ಮ ಮಾತ್ರ ಬಿಡಲಿಲ್ಲ. ಸಂಜೆ ಅಮ್ಮನನ್ನು ಗೇಟಿನಲ್ಲೇ ತಡೆದರು.

"ಬೀಳೋ ಅಲ್ಲೇ ಇರ್ಬೋದು ಕಣಮ್ಮ. ಬೀಳೋಗಂಟ ಮಗಾ ಉಣ್ಬೇಕಲ್ವಾ?"

ಶನಿವಾರ ತೋರಿಸುತ್ತೇನೆ ಎಂದು ಅಮ್ಮ ಒಪ್ಪಿಕೊಂಡಳು.

ಆ ಶನಿವಾರ ಕ್ಲಿನಿಕ್ಕಿಗೆ ಹೊರಟೆವು. ಆಯಮ್ಮ ಬರದಿದ್ದರೆ ನಾನೂ ಬರುವುದಿಲ್ಲ ಎಂದು ಹಟ ಹಿಡಿದಿದ್ದರಿಂದ ಅವರೂ ಜೊತೆಗಿದ್ದರು. ಆ ಉದ್ದನೆಯ ಕುರ್ಚಿ ಕಂಡದ್ದೇ ನಾನು ಬಾಗಿಲಿನ ಚಿಲಕ ಹಿಡಿದು ನಿಂತುಬಿಟ್ಟೆ. ಅಮ್ಮ ಗದರಿದಳು, ಬೇಡಿಕೊಂಡಳು. ನಾನು ಅಲುಗಲಿಲ್ಲ. ಆಗ ಆಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾವೇ ಕುರ್ಚಿ ಹತ್ತಿ ಮಲಗಿದರು.

"ಮೊದ್ಲು ನಂದು ನೋಡಿ ಮೇಡಮ್. ಈ ಮಗಾ ನಿಂತ್ಕಂಡು ನೋಡ್ಲಿ."

ಡಾಕ್ಟರು ನಗುತ್ತಾ ಪುಟ್ಟ ಕನ್ನಡಿ ಹಿಡಿದರು. ನೋಡುತ್ತಿದ್ದಂತೆ ನಗು ನಿಂತಿತು. "ಎಷ್ಟ್ ದಿನದಿಂದ ನೋವು ತಡ್ಕೊಂಡಿದ್ದೀರಿ? ಇದು ತೆಗೀಲೇಬೇಕು."

ಐವತ್ತು ದಾಟಿದ್ದ ಆಯಮ್ಮ ಅಲ್ಲಿಯವರೆಗೆ ಒಮ್ಮೆಯೂ ಹಲ್ಲಿನ ಡಾಕ್ಟರ ಹತ್ತಿರ ಹೋಗಿರಲಿಲ್ಲವಂತೆ. ನನ್ನ ಕಡೆ ತಿರುಗಿದರು. ನಮ್ಮನ್ನೆಲ್ಲ ಗದರಿಸುತ್ತಿದ್ದ ಆ ಕಣ್ಣಲ್ಲಿ ಭಯ! ಚಿಲಕ ಬಿಟ್ಟು ಹೋಗಿ ಅವರ ಕೈ ಹಿಡಿದುಕೊಂಡೆ. ನನ್ನ ಬೆರಳು ನೋಯುವಷ್ಟು ಬಿಗಿಯಾಗಿ ಒತ್ತಿದರು. ಹಲ್ಲು ಹೊರಬಂದ ಮೇಲೆ, ಹತ್ತಿ ಕಚ್ಚಿಕೊಂಡೇ ಕುರ್ಚಿಯತ್ತ ಬೆರಳು ತೋರಿದರು. ಇನ್ನೇನು ನೆಪ ಹೇಳಲಿ? ಹತ್ತಿದೆ. ನನ್ನದು ಹುಳುಕು ಕೆರೆದು ತುಂಬಿದರು, ಅಷ್ಟೇ.

ಅಲ್ಲಿಂದ ಮುಂದೆ ಆರು ತಿಂಗಳಿಗೊಮ್ಮೆ ಇಬ್ಬರೂ ಜೊತೆಗೇ ಹೋಗುತ್ತಿದ್ದೆವು. ಯಾರ ಹಲ್ಲು ಚೆನ್ನಾಗಿದೆ ಹೇಳಿ ಎಂದು ಡಾಕ್ಟರನ್ನು ಪೀಡಿಸುತ್ತಿದ್ದೆವು. ಒಂದೇ ಒಂದು ಸಲ ಆಯಮ್ಮ ಗೆದ್ದರು. ಸೋಮವಾರ ಗಂಟೆ ಹೊಡೆಯುವುದನ್ನೂ ಮರೆತು ಇಡೀ ಶಾಲೆಗೆ ಅದನ್ನೇ ಹೇಳಿಕೊಂಡು ತಿರುಗಿದರು.

ಹೈಸ್ಕೂಲಿಗೆ ಬೇರೆ ಕಡೆ ಸೇರಿದೆ. ಕಾಲೇಜು, ಕೆಲಸ, ಮದುವೆ... ಮಗಳಿಗೆ ಐದು ತಿಂಗಳಿದ್ದಾಗ ಯಲಹಂಕದ ಬಸ್ ಸ್ಟಾಪಿನಲ್ಲಿ ಮತ್ತೆ ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಗ್ಗಿ ಮಗುವಿನ ಒಸಡು ನೋಡಿದರು.

"ಇನ್ನೂ ಬಂದಿಲ್ಲ. ಬಂದ್ ತಕ್ಸಣ ಕರ್ಕಂಡ್ ಬಾ ಕಣವ್ವ, ನಾನ್ ನೋಡ್ಬೇಕು" ಎಂದು ಬಸ್ಸು ಹತ್ತಿದರು.

ಮರುತಿಂಗಳೇ ಹಲ್ಲು ಮೂಡಿತು. ಈ ಭಾನುವಾರ ಹೋಗೋಣ, ಮುಂದಿನ ಭಾನುವಾರ ಹೋಗೋಣ... ಕೊನೆಗೂ ಚಿಕ್ಕಜಾಲಕ್ಕೆ ಹೋದಾಗ ಮಗಳ ಬಾಯಲ್ಲಿ ಎಂಟು ಹಲ್ಲಿದ್ದವು. ಬಾಗಿಲು ತೆಗೆದ ಸೊಸೆ, ಅತ್ತೆ ತೀರಿಕೊಂಡು ಎರಡು ತಿಂಗಳಾಯಿತು ಎಂದರು.

ಕ್ಲಿನಿಕ್ಕಿನಲ್ಲಿ ಮಗಳ ಹೆಸರು ಕರೆದರು. ಎದ್ದು ಒಳಗೆ ಹೋದೆವು. ಒಂದೂ ಹುಳುಕಿಲ್ಲ ಎಂದರು ಡಾಕ್ಟರು. ಹಿಗ್ಗಿದೆ. ಇದನ್ನು ಕೇಳಿ ನನಗಿಂತ ಹೆಚ್ಚು ಹಿಗ್ಗಬೇಕಿದ್ದವರು ಇಲ್ಲವಲ್ಲ ಎಂದುಕೊಳ್ಳುತ್ತಲೇ, ಮುಂದಿನ ತಪಾಸಣೆಯ ತಾರೀಕು ಬರೆಸಿಕೊಂಡು ಬಂದೆ.