ಎಲೆತೋಟದಲ್ಲಿ ಮಳೆಗಾಲ ಕಳೆದ ಹಾಯಿದೋಣಿ

ಕೊರೊನಾ ಮುಗಿದು ಬಂದರಿನ ಕೆಲಸಗಳು ಮತ್ತೆ ಹಳಿಗೆ ಬಂದಿದ್ದ ವರ್ಷ. ನಾನಾಗ ಕಾರವಾರದಲ್ಲಿ ಮರೈನ್ ಸರ್ವೇಯರ್. ಸರ್ವೇಯರ್ ಎಂದರೆ ಹೊಲದ ಹದ್ದು ಅಳೆಯುವವಳು ಎಂದೇ ನನ್ನ ಊರು ಹಾನಗಲ್ಲಿನವರ ನಂಬಿಕೆ. ಇವತ್ತಿಗೂ ಮದುವೆ ಮನೆಯಲ್ಲಿ ಯಾರಾದರೊಬ್ಬರು ಬದುವಿನ ತಕರಾರು ಹಿಡಿದು ಪಕ್ಕಕ್ಕೆ ಬಂದು ಕೂರುತ್ತಾರೆ. ನನ್ನ ಕೆಲಸ ದೋಣಿಗಳದ್ದು. ದೋಣಿ ನೀರಿಗಿಳಿಯಲು ಯೋಗ್ಯವೇ, ಮಳೆಗಾಲದಲ್ಲಿ ಅದನ್ನಿಡುವ ಜಾಗ ಸುರಕ್ಷಿತವೇ ಎಂದು ನೋಡಿ ನಾನು ವರದಿ ಕೊಟ್ಟರಷ್ಟೇ ವಿಮೆ ಮುಂದುವರಿಯುತ್ತಿತ್ತು. ಸುಲಭಕ್ಕೆ ಸಹಿ ಹಾಕುವವಳಲ್ಲ ಎಂಬ ಹೆಸರು ನನಗಿತ್ತು. ಅದನ್ನು ಕೆಡಿಸಿಕೊಳ್ಳುವ ಇರಾದೆಯೂ ಇರಲಿಲ್ಲ.

ಆ ಏಪ್ರಿಲ್‌ನಲ್ಲಿ ಸವಣೂರಿನ ಖಾದರ್ ಸಾಹೇಬರು ನನ್ನ ಕಚೇರಿಗೆ ಬಂದರು. ವ್ಯಾಪಾರಿ ಹಡಗುಗಳಲ್ಲಿ ಕ್ಯಾಪ್ಟನ್ ಆಗಿದ್ದು ನಿವೃತ್ತರಾದವರು. ಜೀವಮಾನವಿಡೀ ಇನ್ನೊಬ್ಬರ ಹಡಗು ನಡೆಸಿದ ಮನುಷ್ಯ ಕೊನೆಗೆ ತಮ್ಮದೆನ್ನುವ ಒಂದು ಹಳೆಯ ಮರದ ಹಾಯಿದೋಣಿ ಕೊಂಡು, ತಾವೇ ಕೂತು ಉಜ್ಜಿ, ಬಣ್ಣ ಹಚ್ಚಿ, ‘ನೂರಿ’ ಎಂದು ಹೆಸರಿಟ್ಟಿದ್ದರು. ಅದರಲ್ಲಿ ಇಬ್ಬರು ಮಲಗಬಹುದು, ಅಡುಗೆ ಮಾಡಿಕೊಳ್ಳಬಹುದು. ಮಳೆಗಾಲ ಮುಗಿದ ಮೇಲೆ ಕರಾವಳಿ ಹಿಡಿದು ಕೊಚ್ಚಿಯವರೆಗೆ ಹೋಗಬೇಕೆಂಬುದು ಅವರ ಆಸೆ.

ಆದರೆ ನೂರಿಗೆ ವಯಸ್ಸಾಗಿತ್ತು. ಮರದ ದೋಣಿಯಲ್ಲಿ ಹಲಗೆಗಳ ನಡುವಿನ ಸಂದಿಗೆ ಹತ್ತಿಯ ನೂಲು ಬಡಿದು ತುಂಬಿ, ಮೇಲೆ ಪುಟ್ಟಿ ಮೆತ್ತುತ್ತಾರೆ. ಇದಕ್ಕೆ ಕಾಲ್ಕಿಂಗ್ ಎನ್ನುತ್ತಾರೆ. ಪ್ರತಿ ಸಲ ಬಡಿದಾಗಲೂ ಹಲಗೆಯ ಅಂಚು ಒಂದಿಷ್ಟು ಸವೆಯುತ್ತದೆ. ನೂರಿಯ ಅಂಚುಗಳು ಇನ್ನೊಂದು ಕಾಲ್ಕಿಂಗ್ ತಡೆಯುವಂತಿರಲಿಲ್ಲ. ಈ ಮಳೆಗಾಲದಲ್ಲಿ ಸಂದಿ ಬಿಟ್ಟರೆ ದೋಣಿ ಮತ್ತೆ ತೇಲುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದೆ. ಸಾಹೇಬರು ಕನ್ನಡಕ ತೆಗೆದು ಒರೆಸುತ್ತ ಕೂತರು.

ಕಾಳಿ ನದಿಯಲ್ಲಿ ಲಂಗರು ಹಾಕಿ ಬಿಡುವಂತಿರಲಿಲ್ಲ. ಹಿಂದಿನ ವರ್ಷ ಹಾಗೆ ಬಿಟ್ಟಾಗ ಮರ ಕೊರೆಯುವ ಹುಳು ಒಂದು ಹಲಗೆಯನ್ನು ಜರಡಿ ಮಾಡಿತ್ತು. ದಡದ ಶೆಡ್ಡುಗಳೂ ಸಿಗುವಂತಿರಲಿಲ್ಲ. ಮಳೆಗಾಲದ ಮೀನುಗಾರಿಕೆ ನಿಷೇಧ ಬಂದರೆ ಟ್ರಾಲರುಗಳೆಲ್ಲ ದಡ ಸೇರುತ್ತವೆ. ಹೊಟ್ಟೆಪಾಡಿನ ದೋಣಿಗಳನ್ನು ಸರಿಸಿ ಹವ್ಯಾಸದ ದೋಣಿಗೆ ಜಾಗ ಕೇಳಲು ನನಗೂ ಮನಸ್ಸಿರಲಿಲ್ಲ.

“ನಮ್ಮ ಕಡೆ ಒಯ್ಯೂಣ್ರಿ ಮೇಡಮ್ಮರ,” ಎಂದರು ಸಾಹೇಬರು. “ಶಿಗ್ಗಾಂವದಾಗ ನಮ್ಮ ದೋಸ್ತಂದು ಗೋದಾಮ ಐತಿ. ಹೈವೇ ಬಾಜೂಕ.”

ಕಡಲಿನ ದೋಣಿಯನ್ನು ಜೋಳದ ಸೀಮೆಗೆ! ನಕ್ಕುಬಿಟ್ಟೆ. ಆದರೆ ನೋಡದೆ ಬೇಡ ಎನ್ನುವುದು ನನ್ನ ಕೆಲಸಕ್ಕೆ ಶೋಭೆಯಲ್ಲ. ಹೊರಟೆವು.

ಶಿಗ್ಗಾಂವದ ಗೋದಾಮು ಗೋವಿನಜೋಳದ್ದು. ಮಾಲೀಕರು ಹೆಮ್ಮೆಯಿಂದ, “ಒಂದ ಹನಿ ಪಸಿ ಇಲ್ರಿ ಇಲ್ಲೆ. ಕಾಳ ಕಡದ್ರ ಕಟಕ್ ಅನ್ನಬೇಕು,” ಎಂದರು. ಕಾಳಿಗೆ ಒಳ್ಳೆಯದಾದ ಆ ಒಣ ಹವೆಯೇ ಮರದ ದೋಣಿಗೆ ಶತ್ರು. ಹಲಗೆ ಒಣಗಿ ಕುಗ್ಗುತ್ತದೆ, ಸಂದಿ ಬಾಯಿ ಬಿಡುತ್ತದೆ. ಹಿರೇಕೆರೂರಿನ ಕಡೆ ಕೆರೆ ದಂಡೆಯ ಒಂದು ಛಪ್ಪರ ನೋಡಿದೆವು. ಗಾಳಿ ನನ್ನ ಸೆರಗನ್ನೇ ನಿಲ್ಲಗೊಡಲಿಲ್ಲ. ನನ್ನೂರಿನ ಹಳೆಯ ಅಕ್ಕಿ ಗಿರಣಿಯನ್ನಂತೂ ಬಾಗಿಲಲ್ಲೇ ಬೇಡವೆಂದೆ. ತಗಡು ಕಾದು ಒಳಗೆ ಉಸಿರು ಕಟ್ಟುತ್ತಿತ್ತು.

ಸೋತ ಮುಖ ಹಾಕಿಕೊಂಡೇ ಸಾಹೇಬರು ನನ್ನನ್ನು ಊಟಕ್ಕೆ ಸವಣೂರಿನ ಮನೆಗೆ ಕರೆದೊಯ್ದರು. ಅವರ ಅತ್ತಿಗೆ ಹಸೀನಾ ಓಣಿಗೆಲ್ಲ ಭಾಬಿ. ಗಂಡ ಹೋದ ಮೇಲೆ ವೀಳ್ಯದೆಲೆಯ ತೋಟವನ್ನು ಅವರೇ ನಡೆಸುತ್ತಿದ್ದರು. ಉಂಡ ಮೇಲೆ ತೋಟ ತೋರಿಸಲು ಹೊರಟರು. ಬೇಲಿಯ ಹತ್ತಿರ ನನ್ನನ್ನು ತಡೆದು, “ಅಕ್ಕಾರ, ಬೂಟು ಇಲ್ಲೇ ಬಿಡ್ರಿ,” ಎಂದರು. ಎಲೆತೋಟದೊಳಗೆ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಕೂಲಿಯವರಿರಲಿ, ಸಾಹುಕಾರರಿರಲಿ, ಇದು ಅಲ್ಲಿಯ ಪದ್ಧತಿ. ಬೇಸಿಗೆಯ ನಡುಮಧ್ಯಾಹ್ನ, ನಾನು ಗೊಣಗುತ್ತಲೇ ಬೂಟು ಬಿಚ್ಚಿದೆ.

ಅಂಗಾಲಿಗೆ ತಂಪು ತಾಗಿತು. ಆಗಲೇ ನನ್ನ ತಲೆ ಓಡತೊಡಗಿದ್ದು. ಮೇಲೆ ಮರಗಳ ನೆರಳು, ಕೆಳಗೆ ಹರಿಯುವ ಕಾಲುವೆ, ಸುತ್ತ ಗಾಳಿ ತಡೆಯುವ ದಟ್ಟ ಬೇಲಿ. ನಡುವೆ ಗರಿಯ ಗೋಡೆಯ ದೊಡ್ಡ ಛಪ್ಪರ. ಕಿತ್ತ ಎಲೆಗಳನ್ನು ಕಟ್ಟುವ ಜಾಗ. ಎಲೆ ಬಾಡದಂತೆ ಅದನ್ನು ಸದಾ ತಂಪಾಗಿ ಇಟ್ಟಿರುತ್ತಾರೆ. ಮರದ ದೋಣಿಗೂ ಬೇಕಾದದ್ದು ಅದೇ.

“ಸಾಹೇಬ್ರ, ನೂರಿ ಇಲ್ಲಿರಬಹುದ್ರಿ,” ಎಂದೆ. ಅವರು ಮಗುವಿನಂತೆ ನಕ್ಕರು.

ಒಂದು ತೊಡಕಿತ್ತು. ಸಿಹಿನೀರಿನ ಪಸೆಯಲ್ಲಿ ಮರ ಬೇಗ ಕೊಳೆಯುತ್ತದೆ, ಉಪ್ಪುನೀರು ಅದನ್ನು ಕಾಯುತ್ತದೆ. ಹಾಗಾಗಿ ಉಪ್ಪುನೀರಲ್ಲಿ ನೆನೆಸಿದ ಗೋಣಿಚೀಲಗಳನ್ನು ದೋಣಿಯ ಹೊಟ್ಟೆಗೆ ಸುತ್ತಿ ದಿನಾ ಹಸಿಯಾಗಿಡಬೇಕು ಎಂದೆ. ಭಾಬಿಯ ಮುಖ ಗಂಟಾಯಿತು.

“ಉಪ್ಪ ಬೇರಿಗೆ ಇಳಿದ್ರ ನನ್ನ ಬಳ್ಳಿ ಉಳಿಯಂಗಿಲ್ರಿ ಅಕ್ಕಾರ. ದೋಣಿ ಬದುಕಸಾಕ ನನ್ನ ತ್ವಾಟ ಕೊಲ್ಲಂತೀರೇನು?”

ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಸಾಹೇಬರು, “ಬ್ಯಾಡ ಬಿಡ್ರಿ ಭಾಬಿ,” ಎಂದು ಬೇಲಿಯ ಕಡೆ ತಿರುಗಿದರು. ಎರಡನೆಯ ಸಲ ಕೇಳುವ ಮನುಷ್ಯರಲ್ಲ ಅವರು. ಬರಿಗಾಲಲ್ಲಿ ತಲೆ ತಗ್ಗಿಸಿ ಹೋಗುತ್ತಿದ್ದ ಮೈದುನನನ್ನು ಭಾಬಿ ಸ್ವಲ್ಪ ಹೊತ್ತು ನೋಡಿದರು.

“ಖಾದರ್, ನಿಲ್ಲೋ. ಛಪ್ಪರದ ನೆಲಕ್ಕ ಸಿಮೆಂಟ್ ಐತಿ. ಸುತ್ತ ಒಡ್ಡು ಕಟ್ಸು. ಒಂದ ಹನಿ ಹೊರಗ ಹೋಗಬಾರ್ದು. ಎಲಿ ಈ ವರ್ಷ ಮನಿ ಪಡಸಾಲ್ಯಾಗ ಕಟ್ಟತೇವಿ.”

ಮೇ ತಿಂಗಳಲ್ಲಿ ಹಾಯಿಕಂಬ ಕಳಚಿದ ನೂರಿ ಲಾರಿ ಹತ್ತಿ, ಅರಬೈಲ್ ಘಟ್ಟ ಏರಿ ಸವಣೂರಿಗೆ ಬಂತು. ದಾರಿಯುದ್ದಕ್ಕೂ ಜನ ಸೆಲ್ಫಿ ತೆಗೆದುಕೊಂಡರು. ತೋಟದ ಬಾಯಲ್ಲಿ ಭಾಬಿ ಲಾರಿಗೆ ಅಡ್ಡ ನಿಂತರು. ಡ್ರೈವರ್‌ಗೆ ಸಿಟ್ಟು ಬಂತು.

“ಲಾರಿಗೆ ಚಪ್ಪಲಿ ಬಿಡಸಾಕ ಬರತೈತೇನ್ರಿ?”

“ಬರಂಗಿಲ್ಲಂದ್ರ ಹೊರಗ ನಿಲ್ಲಸ್ರಿ.”

ನಿಲ್ಲಿಸಿದ. ದಾರಿಗೆ ದಿಮ್ಮಿಗಳನ್ನು ಹಾಸಿ, ಹಗ್ಗ ಕಟ್ಟಿ, ಎಲೆ ಕೀಳುವವರೂ ಓಣಿಯವರೂ ಬರಿಗಾಲಲ್ಲಿ ನೂರಿಯನ್ನು ಅವುಗಳ ಮೇಲೆ ಜಾರಿಸುತ್ತ ಒಳಗೆ ತಂದರು. ಹೆಂಗಸರು ಎರಡೂ ಬದಿಯ ಬಳ್ಳಿಗಳನ್ನು ಕೈಯಲ್ಲಿ ಸರಿಸಿ ಹಿಡಿದಿದ್ದರು. ಇಡೀ ದಿನ ಹಿಡಿಯಿತು. ಕ್ರೇನಿನಲ್ಲಿ ಎಷ್ಟೋ ದೋಣಿ ಎತ್ತಿಸಿದವಳು ನಾನು. ಇಷ್ಟು ನಯವಾಗಿ ದೋಣಿ ಸಾಗಿಸಿದ್ದನ್ನು ನೋಡಿರಲಿಲ್ಲ.

ಆ ವರ್ಷ ಮಳೆ ತಡವಾಯಿತು. ಬಯಲಲ್ಲಿ ಬಿಸಿಗಾಳಿ ಬೀಸುತ್ತಿದೆ ಎಂದು ಕೇಳಿ ನನಗೆ ಕಾರವಾರದಲ್ಲಿ ಕೂರಲಾಗಲಿಲ್ಲ. ಹೇಳದೆ ಕೇಳದೆ ಹೋಗಿ ನೋಡಿದೆ. ಗೋಣಿಚೀಲಗಳು ಹಸಿಯಾಗಿದ್ದವು. ಉಪ್ಪುನೀರಿನ ಬಕೆಟ್ಟುಗಳ ಹಿಡಿಕೆಗೆ ಭಾಬಿ ಕೆಂಪು ಬಟ್ಟೆ ಕಟ್ಟಿದ್ದರು, ಅವು ತಪ್ಪಿಯೂ ಬಳ್ಳಿಗೆ ನೀರು ಹಾಕುವವರ ಕೈ ಸೇರಬಾರದೆಂದು. ಸಂದಿಗಳ ಮೇಲೆ ಬೆರಳಾಡಿಸಿದೆ, ಎಲ್ಲಿಯೂ ಉಗುರು ಇಳಿಯಲಿಲ್ಲ. ಒಡ್ಡಿನಾಚೆ ಬಳ್ಳಿಗಳು ಹಚ್ಚಗೆ ಹಬ್ಬಿದ್ದವು. ಆ ಹೆಂಗಸಿಗೆ ಕೈ ಮುಗಿಯಬೇಕೆನ್ನಿಸಿತು. ಮುಗಿದೆ ಕೂಡ. “ಇರ್ಲಿ ಬಿಡ್ರಿ, ಚಾ ಕುಡೀರಿ,” ಎಂದರು.

ಅಕ್ಟೋಬರಿನಲ್ಲಿ ಕಾರವಾರದ ಜೆಟ್ಟಿಯಲ್ಲಿ ನೂರಿಯನ್ನು ನೀರಿಗಿಳಿಸಿದೆವು. ಮರದ ದೋಣಿ ನೀರಿಗಿಳಿದೊಡನೆ ಸಂದಿಗಳಿಂದ ಒಳಗೆ ಒಂದಿಷ್ಟು ನೀರು ಒಸರುತ್ತದೆ. ಹಲಗೆ ಉಬ್ಬಿ ಸಂದಿ ಮುಚ್ಚಿದರೆ ನಿಲ್ಲುತ್ತದೆ, ಇಲ್ಲವಾದರೆ ನಿಲ್ಲುವುದಿಲ್ಲ. ಸಾಹೇಬರು ಒಳಗೆ ಮೊಣಕಾಲೂರಿ ನೀರಿನ ಮಟ್ಟ ನೋಡುತ್ತಿದ್ದರು. ನೀರು ಏರಿತು. ಪಂಪು ಹೊಡೆದರು. ಮತ್ತೆ ಏರಿತು, ನಿಧಾನವಾಗಿ. ಮತ್ತೆ ಹೊಡೆದರು. ಬಹಳ ಹೊತ್ತಿನ ಮೇಲೆ ಒಳಗಿನಿಂದ ದನಿ ಬಂತು: “ನಿಂತೈತ್ರಿ!” ಆ ದನಿ ಅಳುತ್ತಿತ್ತು.

ಜೆಟ್ಟಿಯ ಮೇಲೆ ನಿಂತಿದ್ದ ಭಾಬಿಯನ್ನು ದೋಣಿಗೆ ಕರೆದರು. ಅವರು ಮೊದಲು ಚಪ್ಪಲಿ ಬಿಟ್ಟರು.

“ಹಂಗ ಬರ್ರಿ ಭಾಬಿ, ಇಲ್ಲಿ ಬಳ್ಳಿ ಇಲ್ಲ,” ಎಂದರು ಸಾಹೇಬರು.

“ಬಳ್ಳಿ ಇಲ್ಲದಿದ್ರ ಏನಾತು? ಇಷ್ಟ್ ದಿನ ಇದನ್ನೂ ಬರಿಗಾಲಿಲೆ ನೋಡ್ಕೊಂಡೇನಿ.”

ಸಾಹೇಬರು ಬಗ್ಗಿ ತಮ್ಮ ಬೂಟಿನ ಲೇಸು ಬಿಚ್ಚಿದರು. ನಾನೂ ಬಿಚ್ಚಿದೆ. ಬರಿಗಾಲಲ್ಲೇ ನಿಂತು ವರದಿಗೆ ಸಹಿ ಹಾಕಿದೆ.

ಅಲ್ಲಿಂದಾಚೆ ನಿವೃತ್ತಿಯಾಗುವವರೆಗೂ, ದೋಣಿ ಎಲ್ಲಿಡಲಿ ಎಂದು ಕೇಳಿ ಬಂದವರಿಗೆ ಮೊದಲು ನಾನೇ ಒಂದು ಪ್ರಶ್ನೆ ಹಾಕುತ್ತಿದ್ದೆ: ಅಲ್ಲಿ ದಿನಾ ಅದನ್ನು ನೋಡಿಕೊಳ್ಳುವವರು ಯಾರು? ಸೂರು, ಗಾಳಿ, ಪಸೆಯ ಮಾತೆಲ್ಲ ಆಮೇಲೆ.

ನವೆಂಬರಿನಲ್ಲಿ ಕೊಚ್ಚಿಯಿಂದ ಸಾಹೇಬರ ಫೋನು ಬಂತು. “ಮುಟ್ಟಿದೆ ನೋಡ್ರಿ ಮೇಡಮ್ಮರ. ದೋಣಿ ನೋಡಾಕ ಭಾಳ ಮಂದಿ ಬರಾಕತ್ತಾರ. ಎಲ್ಲಾರ್ಗೂ ಬೂಟು ಬಿಡಸಾಕತ್ತೇನಿ.”